ಗ್ರೋಮ್ಯಾಕ್ಸ್ (ಅಣುಗಳ ಚಲನೆಯನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವ ಸಾಫ್ಟ್‌ವೇರ್) ರನ್ ಮಧ್ಯದಲ್ಲಿ ನಿಲ್ಲಿಸಬೇಕು. ಕಂಟ್ರೋಲ್-ಸಿ ಒತ್ತಿದರೆ ಎಲ್ಲ ಹಾಳಾಗುತ್ತಾ?

ಒತ್ತಿ, ಏನೂ ಆಗಲ್ಲ. ಆದರೆ ಒಂದೇ ಸಲ ಒತ್ತಿ, ಆಮೇಲೆ ಕೀಬೋರ್ಡ್ ಮುಟ್ಟಬೇಡಿ.

ಶನಿವಾರ ಲ್ಯಾಬ್‌ನಲ್ಲಿ ಕರೆಂಟ್ ತೆಗೀತಾರೆ, ವಾರಗಟ್ಟಲೆ ಓಡಿದ ಪ್ರೋಟೀನ್ ಸಿಮ್ಯುಲೇಷನ್ ಇದೆ ಅಂತ ಬರೆದಿದ್ದೀರಿ. ಪಿಎಚ್‌ಡಿ ಮಾಡುವಾಗ ನನಗೂ ಹೀಗೇ ಆಗಿತ್ತು. ಕರೆಂಟ್ ಹೋಗುವ ತನಕ ಕಾಯುವ ಅಗತ್ಯವೇ ಬರಲಿಲ್ಲ, ಅದಕ್ಕೂ ಮೊದಲೇ ನಾನೇ ಕೆಡಿಸಿಕೊಂಡೆ.

ನಮ್ಮಲ್ಲಿ ಸೀನಿಯರ್‌ಗಳಿಂದ ಬಂದ ಒಂದು ಸ್ಕ್ರಿಪ್ಟ್ ಇತ್ತು. ಎಲ್ಲರೂ ಕಾಪಿ ಮಾಡುತ್ತಿದ್ದರು, ಯಾರೂ ಓದುತ್ತಿರಲಿಲ್ಲ. ಗ್ರೋಮ್ಯಾಕ್ಸ್‌ನಲ್ಲಿ ಸಿಮ್ಯುಲೇಷನ್ ಓಡಿಸುವ ಕಮಾಂಡ್ ಎಮ್‌ಡಿರನ್. ಅದು ಸಾಮಾನ್ಯವಾಗಿ 15 ನಿಮಿಷಕ್ಕೊಮ್ಮೆ ಚೆಕ್‌ಪಾಯಿಂಟ್ ಬರೆಯುತ್ತದೆ, ಅಂದರೆ ನಿಂತ ಜಾಗದಿಂದ ಮುಂದುವರಿಸಲು ಬೇಕಾದ ಸ್ಥಿತಿಯನ್ನು ಫೈಲಿನಲ್ಲಿ ಉಳಿಸುತ್ತದೆ. ಈ ಸ್ಕ್ರಿಪ್ಟ್‌ನಲ್ಲಿ ಸಿಪಿಟಿ ಅನ್ನುವ ಆಪ್ಷನ್ ಮುಂದೆ 1440 ಅಂತ ಇತ್ತು. ಅದು ನಿಮಿಷದ ಲೆಕ್ಕ. ಅಂದರೆ ದಿನಕ್ಕೆ ಒಂದೇ ಚೆಕ್‌ಪಾಯಿಂಟ್. ನೆಟ್‌ವರ್ಕ್ ಡಿಸ್ಕ್ ನಿಧಾನ ಅಂತ ಯಾವ ಕಾಲದಲ್ಲೋ ಯಾರೋ ಹಾಕಿದ್ದಿರಬೇಕು.

ಆವತ್ತು ಕಂಟ್ರೋಲ್-ಸಿ ಒತ್ತಿದೆ. ಸಿಗ್ನಲ್ ಬಂತು, ಇನ್ನಿಷ್ಟು ಸ್ಟೆಪ್ ಒಳಗೆ ನಿಲ್ಲುತ್ತೇನೆ ಅಂತ ಸ್ಕ್ರೀನ್ ಮೇಲೆ ಒಂದು ಸಾಲು ಬಂತು. ಆಮೇಲೆ ಸುಮ್ಮನಾಯಿತು. ಮುಂದಿನ ಕಮಾಂಡ್‌ಗೆ ಕಾಯುವ ಪ್ರಾಂಪ್ಟ್ ಬರಲಿಲ್ಲ. ಮತ್ತೆ ಒತ್ತಿದೆ. ಆಗಲೂ ಇಲ್ಲ. ಲಿಫ್ಟ್ ಬೇಗ ಬರಲಿ ಅಂತ ಗುಂಡಿ ಒತ್ತುತ್ತಲೇ ಇರ್ತೀವಲ್ಲ, ಹಾಗೆ ಇನ್ನೊಂದು ಸಲ ಒತ್ತಿಬಿಟ್ಟೆ.

ಒಳಗೆ ಏನಾಗಿತ್ತು ಅನ್ನೋದನ್ನ ಸ್ವಲ್ಪ ಜಾಸ್ತಿಯೇ ಹೇಳ್ತೀನಿ, ಯಾಕಂದ್ರೆ ಯಾರೂ ನನಗೆ ಹೇಳಿರಲಿಲ್ಲ. ಮೊದಲ ಸಲ ಒತ್ತಿದಾಗ ಎಮ್‌ಡಿರನ್ ತಕ್ಷಣ ಸಾಯುವುದಿಲ್ಲ. ಮುಂದಿನ ನೈಬರ್ ಸರ್ಚ್ ಸ್ಟೆಪ್ (ಯಾವ ಕಣದ ಹತ್ತಿರ ಯಾವುದಿದೆ ಅಂತ ಮತ್ತೆ ಪಟ್ಟಿ ಮಾಡುವ ಹಂತ) ತನಕವಾದರೂ ಓಡಿ, ನಿಂತು, ಎಲ್ಲ ಔಟ್‌ಪುಟ್ ಬರೆದು, ಕೊನೆಯ ಸ್ಟೆಪ್‌ನ ಚೆಕ್‌ಪಾಯಿಂಟ್ ಬರೆಯುತ್ತದೆ. ಎರಡನೇ ಸಲ ಒತ್ತಿದರೆ ಇನ್ನೂ ಬೇಗ ನಿಲ್ಲಲು ನೋಡುತ್ತದೆ, ಆದರೂ ಚೆಕ್‌ಪಾಯಿಂಟ್ ಬರೆಯುತ್ತದೆ. ಮೂರನೇ ಸಲ ಒತ್ತಿದರೆ ಬಾಗಿಲು ಹಾಕದೇ ಎದ್ದು ಹೋಗುತ್ತದೆ, ಹೊಸ ಚೆಕ್‌ಪಾಯಿಂಟ್ ಇಲ್ಲ. ಕಿಲ್ ಕಮಾಂಡ್‌ನಲ್ಲಿ ಟರ್ಮ್ ಸಿಗ್ನಲ್ (ನಿಲ್ಲು ಅನ್ನುವ ಕೋರಿಕೆ) ಕಳಿಸಿದರೂ ಇದೇ ಲೆಕ್ಕ. ನನ್ನದು ಆ ಹೊತ್ತಿಗೆ ನಿಂತಾಗಿತ್ತು. ನಿಧಾನದ ಡಿಸ್ಕ್‌ಗೆ ಬರೆಯುತ್ತಾ ಇತ್ತು ಅಷ್ಟೆ. ನಾನು ಅದರ ಕೈಯಿಂದ ಪೆನ್ನು ಕಿತ್ತುಕೊಂಡೆ.

ಉಳಿದದ್ದು ಹಿಂದಿನ ದಿನದ ಚೆಕ್‌ಪಾಯಿಂಟ್. ಅಣುಗಳ ಚಲನೆ ದಾಖಲಾಗುವ ಟ್ರೆಜೆಕ್ಟರಿ ಫೈಲ್ ದೊಡ್ಡದಾಗೇ ಇತ್ತು, ಹಾಗಾಗಿ ಏನೂ ಹೋಗಿಲ್ಲ ಅಂದುಕೊಂಡೆ. ಮತ್ತೆ ಶುರು ಮಾಡಿದಾಗ ಎಮ್‌ಡಿರನ್ ಆ ಫೈಲನ್ನು ಹಳೇ ಚೆಕ್‌ಪಾಯಿಂಟ್ ಇದ್ದ ಜಾಗಕ್ಕೆ ಕತ್ತರಿಸಿ ಅಲ್ಲಿಂದ ಮುಂದುವರಿಸಿತು. ಅದು ಸರಿಯಾದದ್ದನ್ನೇ ಮಾಡಿತು. ಹೆಚ್ಚುಕಮ್ಮಿ ಒಂದಿಡೀ ದಿನದ ಜಿಪಿಯು ಸಮಯ ಹೋಯಿತು.

ಕಂಟ್ರೋಲ್-ಜೆಡ್ ಒತ್ತಿ ಸ್ವಲ್ಪ ಹೊತ್ತು ತಡೆದಿಡಬಹುದಾ ಅಂತಲೂ ಕೇಳಿದ್ದೀರಿ. ಬೇಡ. ಅದು ಪ್ರೋಸೆಸ್ಸನ್ನು ಮೆಮೊರಿಯಲ್ಲೇ ಮಲಗಿಸುತ್ತದೆ. ಕರೆಂಟ್ ಹೋದರೆ ಮೆಮೊರಿಯೂ ಹೋಯಿತು, ಅಲ್ವಾ? ಬಲವಂತವಾಗಿ ಕೊಲ್ಲುವ ಕಿಲ್ -9 ಅಂತೂ ಯೋಚನೆಯನ್ನೇ ಮಾಡಬೇಡಿ, ಅದು ಎಮ್‌ಡಿರನ್‌ಗೆ ಬಾಯಿ ತೆರೆಯುವ ಅವಕಾಶವನ್ನೇ ಕೊಡುವುದಿಲ್ಲ. ಎಮ್‌ಪಿಐನಲ್ಲಿ (ಒಂದೇ ರನ್ನನ್ನು ಹಲವು ಪ್ರೋಸೆಸ್‌ಗಳಿಗೆ ಹಂಚುವ ವ್ಯವಸ್ಥೆ, ಒಂದೊಂದು ಪ್ರೋಸೆಸ್ಸೂ ಒಂದು ರ‍್ಯಾಂಕ್) ಓಡಿಸುತ್ತಿದ್ದರೆ ಟರ್ಮ್ ಸಿಗ್ನಲನ್ನು ಅವನ್ನು ಶುರು ಮಾಡುವ ಎಮ್‌ಪಿಐರನ್‌ಗೆ ಕಳಿಸಬೇಡಿ, ಯಾವುದಾದರೂ ಒಂದು ಎಮ್‌ಡಿರನ್ ರ‍್ಯಾಂಕ್‌ಗೆ ಕಳಿಸಿ ಸಾಕು. ಸ್ಲರ್ಮ್‌ನಲ್ಲಿ (ಕ್ಲಸ್ಟರ್‌ನಲ್ಲಿ ಜಾಬ್‌ಗಳ ಸರದಿ ನೋಡಿಕೊಳ್ಳುವ ಸಾಫ್ಟ್‌ವೇರ್) ಎಸ್‌ಕ್ಯಾನ್ಸಲ್ ಕಮಾಂಡ್ ಕೊಟ್ಟು ಜಾಬ್ ರದ್ದು ಮಾಡಿದರೆ ಮೊದಲು ಟರ್ಮ್ ಹೋಗುತ್ತದೆ, ನಿಮ್ಮ ಅಡ್ಮಿನ್ ಬದಲಾಯಿಸಿಲ್ಲದಿದ್ದರೆ 30 ಸೆಕೆಂಡ್ ಆದ ಮೇಲೆ ಬಲವಂತದ ಕಿಲ್. ಡಿಸ್ಕ್ ನಿಧಾನ ಇದ್ದರೆ 30 ಸೆಕೆಂಡ್ ಸಾಲದೇ ಹೋಗಬಹುದು.

ಇನ್ನೊಂದು ಮಾತು, ಬೇಜಾರಾಗಬೇಡಿ. ವಾರಗಟ್ಟಲೆ ಒಂದೇ ಉಸಿರಿನಲ್ಲಿ ಓಡಿಸೋದೇ ತಪ್ಪು ಅಂತ ನನ್ನ ಅಭಿಪ್ರಾಯ. ಎಷ್ಟು ಗಂಟೆ ಓಡಬೇಕು ಅಂತ ಮಿತಿ ಹಾಕುವ ಮ್ಯಾಕ್ಸ್‌ಎಚ್ ಆಪ್ಷನ್‌ಗೆ 24 ಅಂತ ಹಾಕಿ. ಆ ಸಮಯದ 99% ಮುಗಿದಾಗ, ಅಂದರೆ ಸುಮಾರು 23 ಗಂಟೆ 45 ನಿಮಿಷಕ್ಕೆ, ತಾನೇ ಚೆಕ್‌ಪಾಯಿಂಟ್ ಬರೆದು ನಿಲ್ಲುತ್ತದೆ. ಚೆಕ್‌ಪಾಯಿಂಟ್ ಓದಿಸುವ ಸಿಪಿಐ ಆಪ್ಷನ್‌ಗೆ ಆ ಫೈಲು ಕೊಟ್ಟು ಮುಂದಿನ ತುಂಡು ಶುರು ಮಾಡಿ. ನಿಲ್ಲಿಸಿದ ಜಾಗದಲ್ಲಿ ಫಿಸಿಕ್ಸ್ ಕೆಡುತ್ತದೆ ಅನ್ನುವ ಭಯ ಬೇಡ, ಚೆಕ್‌ಪಾಯಿಂಟ್‌ನಲ್ಲಿ ಜಾಗ, ವೇಗ, ಥರ್ಮೋಸ್ಟಾಟ್ (ತಾಪಮಾನ ಕಾಯುವ ಲೆಕ್ಕ) ಎಲ್ಲ ಪೂರ್ತಿ ನಿಖರತೆಯಲ್ಲಿ ಇರುತ್ತದೆ. ಕೆಡುವುದು ಕೊನೆಯ ಗ್ರೋ ಫೈಲಿನಿಂದ (ಕಣಗಳ ಜಾಗ ಬರೆದಿಡುವ ಪಠ್ಯ ಫೈಲು) ಶುರು ಮಾಡಿದಾಗ, ಅದರಲ್ಲಿ ಸಾಮಾನ್ಯವಾಗಿ ಜಾಗಕ್ಕೆ ಇರುವುದು ಮೂರೇ ದಶಮಾಂಶ.

ಶನಿವಾರದ ಮಟ್ಟಿಗೆ: ಶುಕ್ರವಾರ ಸಂಜೆಯೇ ನಿಲ್ಲಿಸಿ, ಪ್ರಾಂಪ್ಟ್ ಬರುವ ತನಕ ಕಾಯಿರಿ, ಚೆಕ್‌ಪಾಯಿಂಟ್ ಫೈಲಿನ ಸಮಯ ನೋಡಿ, ಬೇರೆ ಡಿಸ್ಕ್‌ಗೆ ಕಾಪಿ ಮಾಡಿ. ಹಳೇ ಔಟ್‌ಪುಟ್ ಫೈಲುಗಳನ್ನು ಎಡಿಟ್ ಮಾಡಬೇಡಿ, ಹೆಸರೂ ಬದಲಿಸಬೇಡಿ. ಸೋಮವಾರ ಚೆಕ್‌ಸಮ್ (ಫೈಲು ಬದಲಾಗಿದೆಯಾ ಅಂತ ನೋಡುವ ಗುರುತು ಸಂಖ್ಯೆ) ಹೊಂದುತ್ತಿಲ್ಲ ಅಂತ ಎಮ್‌ಡಿರನ್ ಹಟ ಹಿಡಿದರೆ ಯಾರೋ ಫೈಲು ಮುಟ್ಟಿದ್ದಾರೆ ಅಂತ ಅರ್ಥ. ಆಗ ಹಳೇ ಫೈಲಿಗೆ ಸೇರಿಸದೇ ಹೊಸ ಫೈಲಿಗೆ ಬರೆಯುವ ನೋಅಪೆಂಡ್ ಆಪ್ಷನ್ ಹಾಕಿ ಓಡಿಸಿ, ತುಂಡುಗಳನ್ನು ಆಮೇಲೆ ಗ್ರೋಮ್ಯಾಕ್ಸ್‌ನದೇ ಟಿಆರ್‌ಜೆಕ್ಯಾಟ್ ಕಮಾಂಡ್‌ನಲ್ಲಿ ಜೋಡಿಸಿಕೊಳ್ಳಿ.