ಹಳೆಯ ಕಂಪ್ಯೂಟರಿಗಾಗಿ ಸರ್ವರ್‌ನ ಕಾವಲು ಸಡಿಲಿಸಬಹುದೆ?

ಪ್ರಶ್ನೆ: ನಮ್ಮ ಪದವಿ ಕಾಲೇಜಿನ ಗ್ರಂಥಾಲಯದಲ್ಲಿ ಎಂಟು ಹಳೆಯ ಕಂಪ್ಯೂಟರುಗಳಿವೆ. ಮೂರರಲ್ಲಿ ವಿಂಡೋಸ್ ಎಕ್ಸ್‌ಪಿ, ಐದರಲ್ಲಿ ವಿಂಡೋಸ್ 7 ಇದೆ. ಈಚೆಗೆ ಕಾಲೇಜಿಗೆ ಹೊಸ ಸರ್ವರ್ ಬಂದು, ಎಲ್ಲ ವಿಭಾಗಗಳಿಗೂ ನೆಟ್‌ವರ್ಕ್ ಎಳೆದಿದ್ದಾರೆ. ಆದರೆ ಎಕ್ಸ್‌ಪಿ ಯಂತ್ರಗಳಲ್ಲಿ ಸರ್ವರ್‌ನ ಫೋಲ್ಡರ್ ತೆರೆಯುವುದಿಲ್ಲ. ಸರ್ವರ್‌ನಲ್ಲಿ ‘ಎಸ್‌ಎಂಬಿ 1’ ಆನ್ ಮಾಡಿದರೆ ಸರಿಹೋಗುತ್ತದೆ ಎಂದು ನೆಟ್‌ವರ್ಕ್ ನೋಡಿಕೊಳ್ಳುವವರು ಹೇಳುತ್ತಾರೆ. ಮಾಡಿಸಬಹುದೆ? ‘ನುಡಿ’ಯಲ್ಲಿ ಬೆರಳಚ್ಚು ಮಾಡಿದ ಹದಿನೈದು ವರ್ಷಗಳ ಕಡತಗಳೆಲ್ಲ ಈ ಯಂತ್ರಗಳಲ್ಲೇ ಇವೆ.
– ಗ್ರಂಥಪಾಲಕರು, ತುಮಕೂರು ಜಿಲ್ಲೆ

ಉತ್ತರ: ದಯವಿಟ್ಟು ಮಾಡಿಸಬೇಡಿ. ಎಸ್‌ಎಂಬಿ ಎಂಬುದು ನೆಟ್‌ವರ್ಕಿನಲ್ಲಿ ಫೋಲ್ಡರ್ ಮತ್ತು ಪ್ರಿಂಟರ್ ಹಂಚಿಕೊಳ್ಳಲು ವಿಂಡೋಸ್ ಬಳಸುವ ಸಂವಹನ ಕ್ರಮ. ಅದರ ಮೊದಲ ಆವೃತ್ತಿಯೊಂದೇ ಎಕ್ಸ್‌ಪಿಗೆ ಗೊತ್ತು. 2017ರ ಮೇ ತಿಂಗಳಲ್ಲಿ ‘ವನ್ನಾಕ್ರೈ’ ಎಂಬ ಕುತಂತ್ರಾಂಶ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳೂ ಸೇರಿದಂತೆ ಲೋಕದ ಎಷ್ಟೋ ಸಂಸ್ಥೆಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿದ್ದು ಇದೇ ಆವೃತ್ತಿಯ ದೋಷವನ್ನು ಬಳಸಿಕೊಂಡು. ಯಾರೂ ಯಾವ ಇಮೇಲನ್ನೂ ತೆರೆಯಬೇಕಾಗಿರಲಿಲ್ಲ. ಒಂದು ಯಂತ್ರಕ್ಕೆ ತಗುಲಿದ್ದು ಅದೇ ನೆಟ್‌ವರ್ಕಿನ ಇನ್ನೊಂದಕ್ಕೆ ತಾನಾಗಿಯೇ ಹರಡುತ್ತಿತ್ತು. ಆ ವರ್ಷದ ಕೊನೆಯಿಂದ ಮೈಕ್ರೋಸಾಫ್ಟ್ ಕೂಡ ಹೊಸ ವಿಂಡೋಸ್‌ಗಳಲ್ಲಿ ಇದನ್ನು ಮೊದಲೇ ನಿಲ್ಲಿಸಿ ಕೊಡುತ್ತಿದೆ. ಮೂರು ಯಂತ್ರಗಳ ಅನುಕೂಲಕ್ಕಾಗಿ ಇಡೀ ಕಾಲೇಜಿನ ಅಂಕಪಟ್ಟಿ, ಲೆಕ್ಕಪತ್ರಗಳಿರುವ ಸರ್ವರನ್ನು ಅಪಾಯಕ್ಕೆ ಒಡ್ಡುವುದು ನನ್ನ ದೃಷ್ಟಿಯಲ್ಲಿ ಎಳ್ಳಷ್ಟೂ ಸರಿಯಲ್ಲ.

ವಿಂಡೋಸ್ 7 ಇರುವ ಐದು ಯಂತ್ರಗಳಿಗೆ ಈ ತೊಡಕಿಲ್ಲ, ಏಕೆಂದರೆ ಅವಕ್ಕೆ ಎಸ್‌ಎಂಬಿಯ ಎರಡನೆಯ ಆವೃತ್ತಿ ಬರುತ್ತದೆ. ಆದರೆ ವಿಂಡೋಸ್ 7ಕ್ಕೆ ಭದ್ರತಾ ತಿದ್ದುಪಡಿಗಳು 2020ರ ಜನವರಿ 14ಕ್ಕೇ ನಿಂತಿವೆ. ಆದ್ದರಿಂದ ಅವುಗಳ ಪ್ರೊಸೆಸರ್ 64 ಬಿಟ್‌ನದಾಗಿದ್ದರೆ, ರ್‍ಯಾಮನ್ನು 4 ಜಿಬಿಗೆ ಏರಿಸಿ, ಸಾಧ್ಯವಾದರೆ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಿ, ಲಿನಕ್ಸ್ ಮಿಂಟ್‌ನಂಥ ಉಚಿತ ಕಾರ್ಯಾಚರಣ ವ್ಯವಸ್ಥೆಯನ್ನು ಅಳವಡಿಸಿಕೊಳ್ಳಿ. ಪುಸ್ತಕ ಹುಡುಕುವ ವಿದ್ಯಾರ್ಥಿಗೆ ಬೇಕಾದದ್ದು ಒಂದು ಬ್ರೌಸರ್ ಮಾತ್ರ. ಸರ್ವರ್‌ನ ಫೋಲ್ಡರ್ ಕೂಡ ಲಿನಕ್ಸ್‌ನಲ್ಲಿ ಎಸ್‌ಎಂಬಿಯ ಮೂರನೆಯ ಆವೃತ್ತಿಯ ಮೂಲಕ ತೆರೆಯುತ್ತದೆ. ಅಲ್ಲಿಯವರೆಗೆ ಈ ಐದನ್ನೂ ಪ್ರತ್ಯೇಕ ‘ವಿ-ಲ್ಯಾನ್’ನಲ್ಲಿ ಇಡಲು ಹೇಳಿ. ಹಾಗೆ ಮಾಡಿದರೆ ಅವು ಅದೇ ಸ್ವಿಚ್ಚಿಗೆ (ಯಂತ್ರಗಳ ನೆಟ್‌ವರ್ಕ್ ಕೇಬಲುಗಳು ಬಂದು ಕೂಡುವ ಪೆಟ್ಟಿಗೆ) ಜೋಡಣೆಯಾಗಿದ್ದರೂ ಬೇರೆಯೇ ನೆಟ್‌ವರ್ಕಿನಲ್ಲಿದ್ದಂತೆ ಇರುತ್ತವೆ, ಮತ್ತು ಗ್ರಂಥಾಲಯದ ತಂತ್ರಾಂಶ ಹಾಗೂ ಪ್ರಿಂಟರ್ ಬಿಟ್ಟು ಬೇರೆಲ್ಲಿಗೂ ಹೋಗದಂತೆ ಅವನ್ನು ತಡೆಯಬಹುದು.

ಎಕ್ಸ್‌ಪಿ ಯಂತ್ರಗಳನ್ನು ನೆಟ್‌ವರ್ಕಿಗೆ ಜೋಡಿಸಲೇಬೇಡಿ. ಅವುಗಳ ಹಾರ್ಡ್ ಡಿಸ್ಕನ್ನು ಬಿಚ್ಚಿ, ಯುಎಸ್‌ಬಿ ಪರಿವರ್ತಕದ ಮೂಲಕ ಹೊಸ ಕಂಪ್ಯೂಟರಿಗೆ ಹಚ್ಚಿ, ವೈರಸ್ ತಪಾಸಣೆ ಮಾಡಿ ಕಡತಗಳನ್ನು ನಕಲಿಸಿಕೊಳ್ಳಿ. ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಸಮಾನವಾದ ಅಕ್ಷರ ಸಂಕೇತ ಕ್ರಮ) ಅಲ್ಲದ ಹಳೆಯ ನುಡಿ ಫಾಂಟಿನ ಬರಹ ಆ ಫಾಂಟ್ ಇಲ್ಲದ ಕಡೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಕಡತ ಕೆಟ್ಟಿತೆಂದು ಗಾಬರಿಯಾಗಿ ಅಳಿಸಬೇಡಿ. ಪರಿವರ್ತಕ ತಂತ್ರಾಂಶದಿಂದ ಅದನ್ನು ಯೂನಿಕೋಡಿಗೆ ತಂದುಕೊಳ್ಳಿ. ಆಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಿಟ್ಟು ನೋಡಿ, ಏಕೆಂದರೆ ‘ಸೂರ್ಯ’, ‘ಕಾರ್ಯ’ದಂಥ ಪದಗಳೇ ಪರಿವರ್ತನೆಯಲ್ಲಿ ಹೆಚ್ಚಾಗಿ ಹದಗೆಡುತ್ತವೆ. ಮೂಲ ಕಡತದ ಒಂದು ಪ್ರತಿ ಎಂದೆಂದಿಗೂ ಇರಲಿ.

ಪ್ರಶ್ನೆ: ನಮ್ಮ ಲ್ಯಾಬಿನ ಹಳೆಯ ಯಂತ್ರಗಳ ನೆಟ್‌ವರ್ಕ್ ಕಾರ್ಡ್ ಸೆಕೆಂಡಿಗೆ 100 ಮೆಗಾಬಿಟ್‌ನದು. ಅವುಗಳಿಂದಾಗಿ ಗಿಗಾಬಿಟ್ ವೇಗದ ಹೊಸ ಯಂತ್ರಗಳೂ ನಿಧಾನವಾಗುತ್ತವೆಯೆ?
– ಉಪನ್ಯಾಸಕಿ, ಧಾರವಾಡ

ಉತ್ತರ: ಇಲ್ಲ. ಸ್ವಿಚ್ ತನ್ನ ಪ್ರತಿಯೊಂದು ಪೋರ್ಟಿನಲ್ಲೂ ಎದುರಿನ ಯಂತ್ರದ ಶಕ್ತಿಗೆ ತಕ್ಕ ವೇಗವನ್ನು ಬೇರೆಬೇರೆಯಾಗಿ ಗೊತ್ತುಮಾಡಿಕೊಳ್ಳುತ್ತದೆ. ಬಂದ ಮಾಹಿತಿಯನ್ನು ಎಲ್ಲ ಯಂತ್ರಗಳಿಗೂ ಒಟ್ಟಿಗೆ ಕಳಿಸಿ ವೇಗವನ್ನು ಹಂಚಿಬಿಡುವ ಹಳೆಯ ಕಾಲದ ‘ಹಬ್’ ಏನಾದರೂ ಮೂಲೆಯಲ್ಲಿ ಉಳಿದಿದ್ದರೆ ಅದನ್ನು ಮಾತ್ರ ತೆಗೆಸಿಬಿಡಿ.

ಪ್ರಶ್ನೆ: ಒಂದು ಹಳೆಯ ಕಂಪ್ಯೂಟರ್ ನೆಟ್‌ವರ್ಕಿಗೆ ಸೇರುತ್ತದೆ, ಐಪಿ ವಿಳಾಸವೂ ಸಿಗುತ್ತದೆ. ಆದರೆ ಪಾಸ್‌ವರ್ಡ್ ಸರಿಯಿದ್ದರೂ ಕಾಲೇಜಿನ ಡೊಮೈನ್ (ಸರ್ವರ್ ಮೂಲಕ ಎಲ್ಲರ ಪ್ರವೇಶ ನಿಯಂತ್ರಿಸುವ ವ್ಯವಸ್ಥೆ) ಲಾಗಿನ್ ಆಗುವುದಿಲ್ಲ, ಯಾವ ಜಾಲತಾಣವೂ ತೆರೆಯುವುದಿಲ್ಲ. ಸರಿಪಡಿಸಿದ ಮರುದಿನ ಮತ್ತೆ ಅದೇ ಕಥೆ.
– ಲ್ಯಾಬ್ ಸಹಾಯಕ, ಶಿವಮೊಗ್ಗ

ಉತ್ತರ: ಪರದೆಯ ಬಲಮೂಲೆಯಲ್ಲಿರುವ ದಿನಾಂಕವನ್ನು ಮೊದಲು ನೋಡಿ. ಅದು ಎಷ್ಟೋ ವರ್ಷ ಹಿಂದಿನದಾಗಿದ್ದರೆ, ಮದರ್‌ಬೋರ್ಡಿನ ಮೇಲಿರುವ ನಾಣ್ಯದಾಕಾರದ ಸೆಲ್ ಮುಗಿದಿದೆ ಎಂದೇ ತಿಳಿಯಿರಿ. ವಿಂಡೋಸ್ ಡೊಮೈನ್‌ನಲ್ಲಿ ಯಂತ್ರದ ಗಡಿಯಾರಕ್ಕೂ ಸರ್ವರ್‌ನ ಗಡಿಯಾರಕ್ಕೂ ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಲಾಗಿನ್ ತಿರಸ್ಕೃತವಾಗುತ್ತದೆ. ಜಾಲತಾಣಗಳ ಭದ್ರತಾ ಪ್ರಮಾಣಪತ್ರಗಳೂ ಆ ಹಳೆಯ ದಿನಾಂಕದ ಲೆಕ್ಕದಲ್ಲಿ ಇನ್ನೂ ಜಾರಿಗೇ ಬಂದಿರುವುದಿಲ್ಲವಾದ್ದರಿಂದ ಬ್ರೌಸರ್ ಅವನ್ನು ನಂಬುವುದಿಲ್ಲ. ಸಂಜೆ ಲ್ಯಾಬಿನ ಮೇನ್ ಸ್ವಿಚ್ ಆರಿಸಿ ಹೋಗುವ ಕಾಲೇಜುಗಳಲ್ಲಿ ರಾತ್ರಿಯಿಡೀ ಗಡಿಯಾರ ನಡೆಯುವುದು ಆ ಸೆಲ್ಲಿನಿಂದಲೇ. ಮರುದಿನ ಮತ್ತೆ ಕೆಡುವುದು ಅದಕ್ಕಾಗಿ. ಹೆಚ್ಚಿನ ಬೋರ್ಡುಗಳಲ್ಲಿ ಇರುವುದು ‘ಸಿಆರ್ 2032’ ಸೆಲ್, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಕರೆಂಟಿನ ವೈರನ್ನು ಪೂರ್ತಿ ಕಿತ್ತು, ಪ್ಲಸ್ ಗುರುತು ಹಳೆಯದರಲ್ಲಿದ್ದ ಬದಿಗೇ ಬರುವಂತೆ ಕೂರಿಸಿ, ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆದೊಡನೆ ತೆರೆಯಬಹುದಾದ ಮೂಲ ಸೆಟ್ಟಿಂಗ್ ಪರದೆ) ದಿನಾಂಕ, ವೇಳೆ ಸರಿಪಡಿಸಿದ ಮೇಲೆ ನೆಟ್‌ವರ್ಕ್ ಕೇಬಲ್ ಸಿಕ್ಕಿಸಿ.