ಕಾಡುಗಿಡದ ಜೊತೆ ಕೂಡಿಸಿದ ತರಕಾರಿ ತಳಿ ಅಂದರೆ ಬಿಟಿಯೇ?

ಸಿಂಧನೂರು ಕಡೆಯವರು ಅಂದಿದ್ದೀರಿ. ವಿಶ್ವವಿದ್ಯಾಲಯದವರು ಕಾಡುಗಿಡಗಳ ಜೊತೆ ಕೂಡಿಸಿ ಬೆಂಡೆ, ಟೊಮೆಟೊ ತಳಿ ಮಾಡ್ತಾರಂತೆ, ಇದೂ ಬಿಟಿ ತರಹದ್ದಾ, ರುಚಿ ಕೆಡಲ್ವಾ ಅನ್ನೋದು ನಿಮ್ಮ ಪ್ರಶ್ನೆ.

ಬಿಟಿ ಅಲ್ಲ ಸರ್. ಬಿಟಿಯಲ್ಲಿ ಮಣ್ಣಿನ ಬ್ಯಾಕ್ಟೀರಿಯಾದ ಜೀನನ್ನು ಲ್ಯಾಬಿನಲ್ಲಿ ಗಿಡಕ್ಕೆ ಸೇರಿಸುತ್ತಾರೆ. 2010ರ ಫೆಬ್ರವರಿಯಲ್ಲಿ ಕೇಂದ್ರ ತಡೆಹಿಡಿದ ಬಿಟಿ ಬದನೆ ಅಂಥದ್ದು. ನೀವು ಕೇಳಿದ್ದು ಬರೀ ಪರಾಗದ ಕೆಲಸ. ನಮ್ಮ ಕೊಪ್ಪಳದ ಕಡೆ ಬೀಜೋತ್ಪಾದನೆಯ ನೆಟ್ ಹೌಸ್‌ಗಳಲ್ಲಿ ಹೆಣ್ಣುಮಕ್ಕಳು ಮೊಗ್ಗು ಬಿಡಿಸಿ, ಚಿಮಟದಿಂದ ಕೇಸರ ಕಿತ್ತು, ಆಮೇಲೆ ಬೇರೆ ಗಿಡದ ಪರಾಗ ಸವರುತ್ತಾರಲ್ಲ, ಆ ಕ್ರಾಸಿಂಗೇ ಇದು. ಒಂದು ಗಿಡ ಕಾಡಿನದು, ಅಷ್ಟೇ.

ರಾಯಚೂರಿನಲ್ಲಿ ಇದೇ ವಿಷಯದಲ್ಲಿ ಎಂಎಸ್ಸಿ ಮಾಡಿದವನು ನಾನು, ಸ್ವಲ್ಪ ಉದ್ದವಾದರೆ ಸೈರಿಸಿಕೊಳ್ಳಿ.

ಬೆಂಡೆಯನ್ನೇ ತಗೊಳ್ಳಿ. ಎಲೆಯ ನರ ಹಳದಿಯಾಗಿ, ಕಾಯಿ ಬಿಳಿಚಿಕೊಳ್ಳುವ ನಂಜು ರೋಗ ನಿಮಗೆ ಗೊತ್ತೇ ಇದೆ. ಒಂದು ಕಾಲಕ್ಕೆ ಪೂಸಾ ಸಾವನಿ ಎಂಬ ತಳಿ ಅದಕ್ಕೆ ಜಗ್ಗುತ್ತಿರಲಿಲ್ಲ, ಬರಬರುತ್ತಾ ಅದೂ ಸೋತಿತು. ಆಗ ಕೈಹಿಡಿದದ್ದು ಬೆಂಡೆಯ ಕಾಡು ದಾಯಾದಿ, ಅಬೆಲ್ಮೋಸ್ಕಸ್ ಟೆಟ್ರಾಫಿಲಸ್. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ (ಐಐಎಚ್‌ಆರ್) ಅರ್ಕಾ ಅನಾಮಿಕಾ ತಳಿ ಹುಟ್ಟಿದ್ದು ಹಾಗೆ. ಪರಭಣಿ ಕ್ರಾಂತಿ ಎಂಬ ತಳಿಯಲ್ಲೂ ಇಂಥದ್ದೇ ಕಾಡು ಜಾತಿಯ ಪಾಲಿದೆ.

ಕೂಡಿಸುವುದು ದೊಡ್ಡ ಮಾತಲ್ಲ, ಹೆಣಗಾಟ ಶುರುವಾಗುವುದು ಆಮೇಲೆ. ಮೊದಲ ಸಂಕರದ ಗಿಡ ಸೊಂಪಾಗಿ ಬೆಳೆದು ಹೂ ಬಿಟ್ಟರೂ ಕಾಯಿ ಸೀಳಿ ನೋಡಿದರೆ ಬೀಜ ಬಹುಪಾಲು ಜೊಳ್ಳು. ಜೀನುಗಳನ್ನು ಹೊತ್ತ ಎಳೆಗಳು, ಅಂದರೆ ಕ್ರೋಮೋಸೋಮುಗಳು, ಸರಿಯಾಗಿ ಜೋಡಿ ಕೂಡುವುದಿಲ್ಲ. ಊರ ಬೆಂಡೆಯಲ್ಲಿ ಸಾಮಾನ್ಯವಾಗಿ 130 ಇದ್ದರೆ, ಎರೆಹೊಲದ ಬದುವಿನಲ್ಲಿ ಏಳುವ ಇನ್ನೊಂದು ಕಾಡುಬೆಂಡೆ ಫಿಕುಲ್ನಿಯಸ್‌ನಲ್ಲಿ 72 ಮಾತ್ರ. ಅಪ್ಪಿತಪ್ಪಿ ಗಟ್ಟಿ ಬೀಜ ಸಿಕ್ಕಿ ಗಿಡವಾದರೂ ಕಾಯಿ ಗಿಡ್ಡ, ಮೈಯೆಲ್ಲ ಸುಂಕು, ಬಿಡಿಸಿದವರ ಕೈ ಕಡಿತ.

ಅದಕ್ಕೇ ಅದನ್ನು ಮತ್ತೆ ಮತ್ತೆ ಊರ ಬೆಂಡೆಗೇ ಕೂಡಿಸುತ್ತಾರೆ. ಕಾಡಿನ ಪಾಲು ಪ್ರತಿ ಸಲ ಅರ್ಧಕ್ಕಿಳಿಯುತ್ತದೆ: ಶೇ 50, 25, 12.5... ಆರನೇ ಮರುಸಂಕರಕ್ಕೆ ಶೇ 1ರೊಳಗೆ. ಕಾಗದದ ಮೇಲಿನ ಲೆಕ್ಕ ಇದು. ಬೇಕಾದ ಜೀನಿನ ಅಕ್ಕಪಕ್ಕದ ತುಂಡು ಮಾತ್ರ ಅಷ್ಟು ಸುಲಭಕ್ಕೆ ಬಿಟ್ಟುಹೋಗುವುದಿಲ್ಲ, ರುಚಿ, ಇಳುವರಿ ಕೆಟ್ಟರೆ ಕೆಡುವುದು ಅದರಿಂದಲೇ. ಟೊಮೆಟೊದ ಎಲೆ ಮುಟುರು ರೋಗ ತಡೆಯುವ ಟಿವೈ-1 ಜೀನ್ ಸೊಲಾನಮ್ ಚಿಲೆನ್ಸೆ ಎಂಬ ಕಾಡು ಟೊಮೆಟೊದಿಂದ ಬಂದದ್ದು, ಅಲ್ಲೂ ಇದೇ ಗೋಳು. ಈಗ ಸಸಿಯಲ್ಲೇ ಎಲೆಯ ಚೂರು ತೆಗೆದು, ಬೇಕಾದ ಜೀನು ಇದೆಯೇ ಎಂದು ತೋರಿಸುವ ಡಿಎನ್‌ಎ ಗುರುತಿನಿಂದ (ಮಾರ್ಕರ್) ನೋಡಿ, ಬೇಡದ ಸಸಿಗಳನ್ನು ಕಿತ್ತೆಸೆಯಬಹುದು. ಹಾಗಂತ ಹೊಲದಲ್ಲಿ ನಿಂತು ಕಾಯಿ ಮುರಿದು ನೋಡುವ ಕೆಲಸ ಇನ್ನೂ ಇದ್ದೇ ಇದೆ.

ಕಾಡು ಅಂದ ಕೂಡಲೇ ಎಲ್ಲೋ ದೂರದ್ದು ಅನ್ಕೋಬೇಡಿ. ನಮ್ಮ ಜೋಳದ ಹೊಲದಲ್ಲಿ ಹಬ್ಬುವ ಮಿಣಕಿ ಹಣ್ಣು ಕರಬೂಜದ ದಾಯಾದಿಯೇ. ಕ್ಯಾಲಿಫೋರ್ನಿಯಾದ ಕರಬೂಜಕ್ಕೆ ಬೂದಿರೋಗ ಬಿದ್ದಾಗ, 1930ರ ದಶಕದಲ್ಲಿ ಅಲ್ಲಿನವರು ನಿರೋಧಕ ತಳಿ ಮಾಡಿಕೊಂಡದ್ದು ಭಾರತದಿಂದ ಹೋದ ಬೀಜದಿಂದ. ನಾವಿಲ್ಲಿ ಕಳೆನಾಶಕ ಹೊಡೆದು ಬದು ಬೋಳು ಮಾಡ್ತಿದ್ದೇವೆ!

ಬೀಜದಂಗಡಿಯಲ್ಲಿ ‘ರೋಗ ನಿರೋಧಕ’ ಅಂದರೆ ಯಾವ ರೋಗಕ್ಕೆ ಅಂತ ಕೇಳಿ. ನಂಜು ತಡೆಯುವ ತಳಿ ಬೂದಿರೋಗವನ್ನೂ ತಡೆಯುತ್ತದೆ ಅಂತೇನಿಲ್ಲ. ಅನಾಮಿಕಾದಲ್ಲೂ ಈಗ ನಂಜು ಕಾಣಿಸುತ್ತದೆ, ಅದನ್ನು ಹರಡುವ ಬಿಳಿನೊಣದ ಹತೋಟಿ ಬಿಡಬೇಡಿ. ಅನಾಮಿಕಾ ಕ್ರಾಸಿಂಗಿನಿಂದ ಹುಟ್ಟಿದರೂ ಈಗ ಗುಣ ನೆಲೆಗೊಂಡ ತಳಿ, ಹೈಬ್ರಿಡ್ ಬೀಜವಲ್ಲ; ಹಾಗಾಗಿ ರೋಗವಿಲ್ಲದ ನಾಲ್ಕಾರು ಗಿಡ ಬೀಜಕ್ಕೆ ಬಿಟ್ಟುಕೊಳ್ಳಬಹುದು.