ಪಟಾಕಿ ವಾಸನೆಗೆ ಬಾಗಿಲು ಹಾಕಿಕೊಂಡ ಅಳಿಯ

ದೀಪಾವಳಿ ಮುಗಿದು ಒಂದು ವಾರವಾಗಿತ್ತು. ಗಂಡ ಹೆಂಡತಿ ಇಬ್ಬರೂ ಆಪ್ತಸಮಾಲೋಚನೆಗೆಂದು ನನ್ನ ಹತ್ತಿರ ಬಂದಿದ್ದರು. ಮಾತು ಶುರು ಮಾಡಿದ್ದು ಹೆಂಡತಿ. "ಹಬ್ಬಕ್ಕೆ ನಮ್ಮ ತವರಿಗೆ ಹೋಗಿದ್ವಿ ಮೇಡಂ. ಸಂಜೆ ಎಲ್ಲರೂ ಅಂಗಳದಲ್ಲಿ ಪಟಾಕಿ ಹಚ್ಚುತ್ತಿದ್ದರು. ಇವರು ಇದ್ದಕ್ಕಿದ್ದಂತೆ ಎದ್ದು ಒಳಗೆ ಹೋಗಿ ಬಚ್ಚಲುಮನೆ ಬಾಗಿಲು ಹಾಕಿಕೊಂಡರು. ಒಂದು ಗಂಟೆ ತೆಗೆಯಲೇ ಇಲ್ಲ. ಅಪ್ಪ ಬಾಗಿಲು ಒಡೆಯೋಕೆ ಹೊರಟಿದ್ದರು." ಗಂಡ ತಲೆ ತಗ್ಗಿಸಿ ಕೂತಿದ್ದರು. ಯಾಕೆ ಹೋದಿರಿ ಎಂದು ಕೇಳಿದೆ. "ಗೊತ್ತಿಲ್ಲ ಮೇಡಂ. ಉಸಿರು ನಿಂತ ಹಾಗಾಯ್ತು" ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿಯೂ ಅವರಿಗೆ ಗೊತ್ತಿರಲಿಲ್ಲ.

ಮುಂದೆ ಬರೆಯುವ ಮೊದಲು ಒಂದು ಮಾತು. ಇಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಯಾರದ್ದೂ ಇಲ್ಲ. ಕೆಲವು ವಿವರ ಬದಲಿಸಿದ್ದೇನೆ. ಇದರಲ್ಲಿ ಒಂದು ಕಾರು ಅಪಘಾತದ ಮಾತು ಬರುತ್ತದೆ, ಆ ಕಾರು ಯಾವುದು ಎಂದೂ ಹೇಳುವುದಿಲ್ಲ. ಅಂಥ ಕಾರು ನಮ್ಮ ಕಡೆ ಬೆರಳೆಣಿಕೆಯಷ್ಟೇ ಇವೆ. ಹೆಸರು ಬರೆದರೆ ಗುರುತು ಸಿಕ್ಕಿಬಿಡುತ್ತದೆ.

ಗಂಡನಿಗೆ ಮೂವತ್ತೊಂದು ವರ್ಷ. ಬೆಂಗಳೂರಿನಲ್ಲಿ ಕೆಲಸ. ಶಾಲೆಯಲ್ಲಿದ್ದಾಗ ಪೇಪರಿನಲ್ಲಿ ಬಂದ ಕಾರಿನ ಚಿತ್ರಗಳನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಳ್ಳುತ್ತಿದ್ದ ಹುಡುಗ. ಏಳು ವರ್ಷ ಉಳಿಸಿದ ಹಣಕ್ಕೆ ಸ್ವಲ್ಪ ಸಾಲ ಸೇರಿಸಿ, ಎರಡೇ ಸೀಟಿನ ಒಂದು ಸಣ್ಣ ಸ್ಪೋರ್ಟ್ಸ್ ಕಾರನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡರು. ಮನೆಯಲ್ಲಿ ಯಾರಿಗೂ ಇಷ್ಟವಿರಲಿಲ್ಲ. "ನಾಲ್ಕು ಜನ ಕೂರೋಕಾಗದ ಕಾರು ಯಾಕಪ್ಪ" ಎಂದು ಅಮ್ಮ ಕೇಳಿದ್ದರಂತೆ. ಆದರೂ ಭಾನುವಾರ ಬೆಳಗ್ಗೆ ಬಟ್ಟೆ ಹಿಡಿದು ಅದನ್ನು ಒರೆಸುವಾಗ ಮಗನ ಮುಖ ನೋಡಿ ಸುಮ್ಮನಾಗುತ್ತಿದ್ದರಂತೆ.

ಅಪಘಾತ ಆದದ್ದು ಜುಲೈನಲ್ಲಿ. ಶನಿವಾರ ಇಬ್ಬರೂ ಹಾಸನಕ್ಕೆ, ಅತ್ತೆ ಮನೆಗೆ ಬಂದಿದ್ದರು. ಭಾನುವಾರ ಬೆಳಗ್ಗೆ ಸಕಲೇಶಪುರದ ಕಡೆ ಒಂದು ಸುತ್ತು ಹೋಗಿ ಬರೋಣ ಎಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು. ಹೊರಡುವಾಗ ಬಾಮೈದ ಬಂದ. ಇಪ್ಪತ್ತು ವರ್ಷದ ಹುಡುಗ, ಇಂಜಿನಿಯರಿಂಗ್ ಓದುತ್ತಿದ್ದಾನೆ. "ಭಾವ, ಇವತ್ತು ನಾನು ಬರ್ತೀನಿ" ಎಂದ. ಇರುವುದು ಎರಡೇ ಸೀಟು. ಅಕ್ಕ ಕಾರಿನಿಂದ ಇಳಿದು ತಮ್ಮನನ್ನು ಕೂರಿಸಿದಳು.

ಮಳೆ ಆಗಷ್ಟೇ ನಿಂತಿತ್ತು. ಒಂದು ತಿರುವಿನಲ್ಲಿ ಟ್ರ್ಯಾಕ್ಟರ್ ಚಕ್ರದ ಕೆಸರು ರಸ್ತೆ ಮೇಲೆ ಬಿದ್ದಿತ್ತು. ವೇಗ ಎಂಬತ್ತು ದಾಟಿತ್ತು. ಹಿಂದಿನ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವ ಕಾರು ಅದು. ಕೆಸರಿನಲ್ಲಿ ಬಾಲ ಬೀಸಿತು. ಎಡ ಮೂತಿ ಮೋರಿಯ ಕಟ್ಟೆಗೆ ಬಡಿದು, ಕಾರು ರಸ್ತೆ ಪಕ್ಕದ ಹಳ್ಳಕ್ಕೆ ಇಳಿಯಿತು. ಹಿಂದೆಯೇ ಬರುತ್ತಿದ್ದ ಹಾಲಿನ ವ್ಯಾನಿನವರು ನಿಲ್ಲಿಸಿ ಇಬ್ಬರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಬಾಮೈದನ ತೊಡೆ ಮೂಳೆ ಮುರಿದಿತ್ತು. ಆಪರೇಷನ್ ಮಾಡಿ ರಾಡ್ ಹಾಕಿದರು. ಇವರಿಗೆ ಎದೆಯ ಮೇಲೆ ಬೆಲ್ಟಿನ ಅಗಲಕ್ಕೆ ಕಪ್ಪಗೆ ಕಂದಿದ ಗುರುತು, ಮಣಿಕಟ್ಟಿನಲ್ಲಿ ಉಳುಕು, ಅಷ್ಟೇ. ತಲೆಯ ಸ್ಕ್ಯಾನ್ ಸರಿಯಾಗಿತ್ತು. ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿದರು: "ದೇವರು ದೊಡ್ಡವನು, ನಿನಗೇನೂ ಆಗಲಿಲ್ಲವಲ್ಲ." ಅಮ್ಮ ತಾಯತ ಕಟ್ಟಿಸಿದರು. ಧರ್ಮಸ್ಥಳಕ್ಕೆ ಹೋಗಿ ಹರಕೆ ತೀರಿಸಿ ಬಂದರು. ಅಪ್ಪ ನಜ್ಜುಗುಜ್ಜಾದ ಕಾರನ್ನು ಗುಜರಿಗೆ ಕೊಡಿಸಿದರು. ಮಗನನ್ನು ಕೇಳಲಿಲ್ಲ.

ಈ 'ಏನೂ ಆಗಲಿಲ್ಲವಲ್ಲ' ಎಂಬ ಮಾತಿನ ಬಗ್ಗೆ ನನಗೆ ಸಂಕಟವಿದೆ. ಹೇಳುವವರದು ಒಳ್ಳೆಯ ಮನಸ್ಸೇ. ಆದರೆ ಕೇಳಿದವನು ಆಮೇಲೆ ಬಾಯಿ ಬಿಡುವುದು ಹೇಗೆ? ಮಾತಾಡಿದರೆ ದೇವರಿಗೂ ಕೃತಘ್ನ, ಹಾಸಿಗೆಯಲ್ಲಿ ಮಲಗಿರುವ ಹುಡುಗನಿಗೂ ದ್ರೋಹ. ನಾಲ್ಕು ತಿಂಗಳು ಇವರು ಬಾಯಿ ಬಿಟ್ಟಿರಲಿಲ್ಲ. ರಾತ್ರಿ ಎರಡು ಗಂಟೆಗೆ ಬೆವರಿ ಏಳುತ್ತಿದ್ದರು. ನಿದ್ದೆಗೆಂದು ಕುಡಿಯುವ ಒಂದು ಪೆಗ್ ಎರಡಾಗಿತ್ತು. ಆಫೀಸಿಗೆ ಮೆಟ್ರೋದಲ್ಲೇ ಹೋಗುತ್ತಿದ್ದರು. ಕ್ಯಾಬ್ ಹತ್ತಿದರೆ ಪಕ್ಕದಲ್ಲಿ ಲಾರಿ ಬಂದ ಕೂಡಲೇ ಕಣ್ಣು ಮುಚ್ಚುತ್ತಿದ್ದರು. "ಆ ಕಾರಲ್ಲಿ ಕೂತರೆ ಲಾರಿಯ ಚಕ್ರ ನನ್ನ ಕಣ್ಣಿನ ಮಟ್ಟಕ್ಕೆ ಬರುತ್ತಿತ್ತು ಮೇಡಂ. ಮೊದಲು ಅದೇ ಖುಷಿ ಕೊಡುತ್ತಿತ್ತು" ಎಂದರು. ಬಾಮೈದನಿಗೆ ಫೋನ್ ಮಾಡುತ್ತಿರಲಿಲ್ಲ. ಅತ್ತೆ ಮನೆ ಕಡೆ ತಲೆ ಹಾಕಿರಲಿಲ್ಲ. ದೀಪಾವಳಿಗೆ ಮಾವನೇ ಬಂದು, "ಹಬ್ಬಕ್ಕೆ ಬರಲೇಬೇಕು ಅಳಿಯಂದ್ರೇ" ಎಂದಾಗ ಇಲ್ಲ ಎನ್ನಲಾಗಲಿಲ್ಲ.

ನಾನೂ ಮೊದಲು ದಾರಿ ತಪ್ಪಿದೆ. ಊರುಗೋಲು ಹಿಡಿದು ಹೂಕುಂಡ ಹಚ್ಚುತ್ತಿದ್ದ ಬಾಮೈದನನ್ನು ಕಂಡು ತಡೆಯಲಾಗದೆ ಒಳಗೆ ಹೋಗಿರಬೇಕು ಎಂದುಕೊಂಡಿದ್ದೆ. ಎರಡನೇ ಭೇಟಿಯಲ್ಲಿ ಆ ಸಂಜೆಯನ್ನು ನಿಧಾನವಾಗಿ ಹೇಳಿಸಿದೆ. ಎಲ್ಲಿ ಕೂತಿದ್ದಿರಿ, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಏನು ಕೇಳಿಸಿತು. ಸದ್ದಿಗೆ ಏನೂ ಆಗಿರಲಿಲ್ಲ. ಹೊಗೆ ಮುಖಕ್ಕೆ ಬಂದಾಗ ಆಗಿದ್ದು. ಹಾಗೆ ಹೇಳುತ್ತಲೇ ಅವರು ತಟ್ಟನೆ ನಿಲ್ಲಿಸಿದರು. "ಅದೇ ವಾಸನೆ" ಎಂದರು.

ಏರ್‌ಬ್ಯಾಗ್ ತೆರೆದುಕೊಳ್ಳುವುದು ಪಂಪಿನ ಗಾಳಿಯಿಂದಲ್ಲ. ಒಳಗೆ ಪಟಾಕಿಯ ಮದ್ದಿನಂಥ ವಸ್ತು ಇರುತ್ತದೆ. ಅದು ಕ್ಷಣದಲ್ಲಿ ಉರಿದು ಅನಿಲವಾಗಿ ಚೀಲವನ್ನು ತುಂಬುತ್ತದೆ. ಕಣ್ಣು ಮಿಟುಕಿಸುವಷ್ಟೂ ಹೊತ್ತು ಹಿಡಿಯುವುದಿಲ್ಲ. ಮಡಿಕೆಗಳು ಅಂಟದಿರಲಿ ಎಂದು ಚೀಲಕ್ಕೆ ಹಾಕಿದ ಪುಡಿಯೂ ಜೊತೆಗೆ ಹಾರುತ್ತದೆ. ಹಾಗಾಗಿ ಕಾರಿನೊಳಗೆ ಬಿಳಿ ಹೊಗೆ ತುಂಬಿದಂತೆ ಕಾಣುತ್ತದೆ, ಸುಟ್ಟ ಮದ್ದಿನ ವಾಸನೆ ಬರುತ್ತದೆ. ವಾಸನೆಗೂ ಮಿದುಳಿನಲ್ಲಿ ಭಯ ಹುಟ್ಟುವ ಜಾಗಕ್ಕೂ ಬಹಳ ಹತ್ತಿರದ ನಂಟು. ಬುದ್ಧಿ 'ಇದು ಹಬ್ಬ' ಎನ್ನುವ ಮೊದಲೇ ಮೈ 'ಇದು ಮೋರಿ' ಎಂದುಬಿಟ್ಟಿತ್ತು. ಇದನ್ನು ವಿವರಿಸಿದಾಗ ಅವರು ಅತ್ತುಬಿಟ್ಟರು. ತನಗೆ ಹುಚ್ಚು ಹಿಡಿಯುತ್ತಿದೆ ಎಂದು ಆವರೆಗೆ ನಂಬಿದ್ದರಂತೆ.

ಇದಕ್ಕೆ ಪಿಟಿಎಸ್‌ಡಿ ಎನ್ನುತ್ತಾರೆ, ಅಂದರೆ ಆಘಾತದ ನಂತರದ ಒತ್ತಡದ ಕಾಯಿಲೆ. ಅಪಘಾತವಾದ ಮೊದಲ ಕೆಲವು ವಾರ ನಿದ್ದೆ ಕೆಡುವುದು, ಬೆಚ್ಚುವುದು, ಅದೇ ದೃಶ್ಯ ಮತ್ತೆ ಮತ್ತೆ ಬರುವುದು ಸಹಜ. ತುಂಬಾ ಜನರಲ್ಲಿ ತಾನಾಗಿಯೇ ಇಳಿಯುತ್ತದೆ. ಒಂದು ತಿಂಗಳು ದಾಟಿದರೂ ಇಳಿಯದೆ, ಕೆಲಸ ಸಂಸಾರ ಕೆಡತೊಡಗಿದರೆ ಚಿಕಿತ್ಸೆ ಬೇಕು. ನಿದ್ದೆಯ ವಿಷಯಕ್ಕೆ ಮನೋವೈದ್ಯರ ಹತ್ತಿರ ಕಳಿಸಿದೆ. ಕುಡಿತದ ಬಗ್ಗೆ ನೇರವಾಗಿಯೇ ಹೇಳಿದೆ: ಅದು ಮಲಗಿಸುತ್ತದೆ, ಆದರೆ ನಡುರಾತ್ರಿ ಎಬ್ಬಿಸುವುದೂ ಅದೇ. ತಾಯತ ಬಿಚ್ಚಿ ಎನ್ನಲಿಲ್ಲ. ಅದು ಅಮ್ಮನ ಪ್ರೀತಿ, ಅದಕ್ಕೂ ಚಿಕಿತ್ಸೆಗೂ ಜಗಳವಿಲ್ಲ.

ಐದನೇ ಭೇಟಿಯಿಂದ ಅಪಘಾತವನ್ನು ಹೇಳಿಸಲು ಶುರು ಮಾಡಿದೆ. ಇದನ್ನು ಮೊದಲ ದಿನವೇ ಮಾಡಬಾರದು. ಅಪಘಾತವಾದ ಎರಡು ಮೂರು ದಿನಕ್ಕೇ ಒಬ್ಬರನ್ನು ಕೂರಿಸಿ ಎಲ್ಲ ಹೇಳಿಸಿಬಿಟ್ಟರೆ ಮನಸ್ಸು ಹಗುರಾಗುತ್ತದೆ ಎಂದು ಹಿಂದೆ ನಂಬುತ್ತಿದ್ದರು. ಅದರಿಂದ ಕಾಯಿಲೆ ತಪ್ಪುವುದಿಲ್ಲ ಎಂದು ಈಗ ಗೊತ್ತಾಗಿದೆ. ನಂಬಿಕೆ ಬೆಳೆದ ಮೇಲೆ, ಅವರ ಒಪ್ಪಿಗೆಯಿಂದ, ಅವರ ವೇಗಕ್ಕೆ ತಕ್ಕಂತೆ ಹೇಳಿಸಬೇಕು.

ಬೆಳಗಿನ ಕಾಫಿಯಿಂದ ಮೋರಿಯವರೆಗೆ ಸರಾಗವಾಗಿ ಹೇಳುತ್ತಿದ್ದರು. ಕಾರು ನಿಂತ ಮೇಲಿನ ಒಂದು ಜಾಗಕ್ಕೆ ಬಂದಾಗ ಪ್ರತಿ ಸಲ ಹಾರಿಬಿಡುತ್ತಿದ್ದರು. "ಕಾರು ನಿಂತಿತು. ಆಮೇಲೆ ವ್ಯಾನಿನವರು ಬಂದರು." ನಡುವೆ ಏನೋ ಇತ್ತು. ಮೂರನೇ ಸಲ ಹೇಳುವಾಗ, ಬಹಳ ಹೊತ್ತು ಸುಮ್ಮನಿದ್ದು, ಅದು ಹೊರಬಂತು.

"ವೈಪರ್ ಇನ್ನೂ ಆಡ್ತಾ ಇತ್ತು ಮೇಡಂ. ಮುರಿದ ಬಾನೆಟ್ ನೋಡಿದೆ. 'ಅಯ್ಯೋ, ಕಾರು ಹೋಯ್ತು' ಅಂದುಕೊಂಡೆ. ಮೊದಲು ಬಂದ ಯೋಚನೆ ಅದು. ಆಮೇಲೆ ಅವನ ಕಡೆ ತಿರುಗಿದೆ."

ನಾಲ್ಕು ತಿಂಗಳು ಇವರನ್ನು ತಿಂದಿದ್ದು ಈ ಒಂದು ವಾಕ್ಯ. ಪಕ್ಕದಲ್ಲಿ ಹುಡುಗ ಪ್ರಜ್ಞೆಯಿಲ್ಲದೆ ಬಿದ್ದಿರುವಾಗ ಕಾರಿನ ಬಗ್ಗೆ ಯೋಚಿಸಿದವನು ಎಂಥ ಮನುಷ್ಯ? ನಾನು ಸಮಾಧಾನ ಹೇಳಲು ಅವಸರ ಮಾಡಲಿಲ್ಲ. ಆ ಯೋಚನೆ ಎಷ್ಟು ಹೊತ್ತು ಇತ್ತು ಎಂದು ಕೇಳಿದೆ. ಒಂದು ಉಸಿರು ಎಂದರು. ಆಗ ನಿಮ್ಮ ಕೈ ಎಲ್ಲಿತ್ತು? ಅವರು ಕಣ್ಣು ಮುಚ್ಚಿ ಹುಡುಕಿದರು. ಎಡಗೈ ತಾನಾಗಿಯೇ ಪಕ್ಕಕ್ಕೆ ಚಾಚಿತು, ನನ್ನ ಎದುರಿಗೇ. "ಅವನ ಬೆಲ್ಟ್ ಹುಡುಕ್ತಾ ಇತ್ತು" ಎಂದರು. ಅಂಥ ಹೊತ್ತಿನಲ್ಲಿ ಕಣ್ಣ ಮುಂದೆ ಇದ್ದದ್ದನ್ನು ಮನಸ್ಸು ಮೊದಲು ಹಿಡಿಯುತ್ತದೆ. ಅದು ನಾವು ಆರಿಸಿಕೊಂಡದ್ದಲ್ಲ. ಕೈ ಮಾಡಿದ್ದು ಮಾತ್ರ ಅವರು ಮಾಡಿದ್ದು.

ಇನ್ನೊಂದು ಮುಳ್ಳಿತ್ತು. ಬಿಳಿ ಹೊಗೆ ಕಂಡು ಕಾರಿಗೆ ಬೆಂಕಿ ಬಿದ್ದಿದೆ ಎಂದುಕೊಂಡು ಹುಡುಗನನ್ನು ಹೊರಗೆ ಎಳೆದಿದ್ದರು. ಎಳೆದಿದ್ದಕ್ಕೇ ಕಾಲು ಮುರಿಯಿತು ಎಂದು ನಂಬಿದ್ದರು. ಹಾಗಿರಲಾರದು ಎಂದು ನಾನು ಹೇಳಬಹುದಿತ್ತು. ಆದರೆ ನಾನು ಮೂಳೆ ಡಾಕ್ಟರಲ್ಲ. ಆಪರೇಷನ್ ಮಾಡಿದವರನ್ನೇ ಹೋಗಿ ಕೇಳಿ ಎಂದೆ. ಹೋದರು. ಡಾಕ್ಟರು ಎಕ್ಸ್‌ರೇ ತೋರಿಸಿ, ಮಂಡಿ ಡ್ಯಾಶ್‌ಬೋರ್ಡಿಗೆ ಬಡಿದ ಏಟಿಗೇ ತೊಡೆ ಮೂಳೆ ಮುರಿದದ್ದು ಎಂದು ಬಿಡಿಸಿ ಹೇಳಿದರಂತೆ. ಗೊತ್ತಿರುವವರನ್ನು ಕೇಳದೆ ನಾವೇ ಉತ್ತರ ಕಟ್ಟಿಕೊಂಡರೆ ಅದು ಯಾವಾಗಲೂ ನಮ್ಮ ವಿರುದ್ಧವೇ ಇರುತ್ತದೆ. ಇದನ್ನು ನಾನು ಬಹಳ ಸಲ ನೋಡಿದ್ದೇನೆ.

ತಪ್ಪಿನ ಮಾತೂ ಬಂತು. "ನಿಮ್ಮ ತಪ್ಪೇನೂ ಇಲ್ಲ" ಎಂದು ನಾನು ಹೇಳಲಿಲ್ಲ, ಯಾಕೆಂದರೆ ಅದು ನಿಜವಲ್ಲ. ಕಾಗದದ ಮೇಲೆ ಒಂದು ರೊಟ್ಟಿ ಬರೆದೆ. ಅಪಘಾತಕ್ಕೆ ಏನೇನು ಕಾರಣವೋ ಅಷ್ಟಕ್ಕೂ ಒಂದೊಂದು ಚೂರು ಕೊಡಿ, ನಿಮ್ಮ ಚೂರನ್ನು ಕೊನೆಗೆ ಬರೆಯಿರಿ ಎಂದೆ. ಮಳೆ, ಕೆಸರು, ತಿರುವು, ಸವೆದ ಟೈರು. ಟೈರಿನ ಹತ್ತಿರ ಪೆನ್ನು ನಿಂತಿತು. "ಇದೂ ನಂದೇ. ಬದಲಿಸಬೇಕಿತ್ತು." ಸರಿ, ನಿಮ್ಮ ಲೆಕ್ಕಕ್ಕೇ ಹಾಕಿ ಎಂದೆ. ವೇಗವೂ ಅವರದೇ. ಕೊನೆಗೆ ಅವರ ಪಾಲು ಅರ್ಧಕ್ಕಿಂತ ಸ್ವಲ್ಪ ಕಡಿಮೆ ಬಂತು. ಅಷ್ಟನ್ನು ಹೊರಬಹುದು, ಅದಕ್ಕೆ ಏನಾದರೂ ಮಾಡಬಹುದು. ಬಾಮೈದನ ಹತ್ತಿರ ಹೋಗಿ, "ಆ ಮಳೇಲಿ ನಾನು ಜಾಸ್ತಿ ಸ್ಪೀಡ್ ಹೋಗಬಾರದಿತ್ತು ಕಣೋ" ಎಂದು ಹೇಳಿದರು. ಅವನು, "ಭಾವ, ನೀವು ಫೋನ್ ಮಾಡದೇ ಇದ್ದಿದ್ದೇ ನನಗೆ ಬೇಜಾರು" ಎಂದನಂತೆ.

ಒಂದು ದಿನ ಫೋನಿನಲ್ಲಿದ್ದ ಮುರಿದ ಕಾರಿನ ಫೋಟೋ ತೋರಿಸಿದರು. ಪ್ರತಿ ರಾತ್ರಿ ಅದನ್ನು ನೋಡುತ್ತಿದ್ದರಂತೆ. ಮೂತಿ ಪೂರ್ತಿ ಮುದುಡಿದೆ, ಸೀಟುಗಳಿರುವ ಜಾಗ ಮಾತ್ರ ಹಾಗೇ ಇದೆ. ಇದು ಹೇಗೆ ಎಂದು ನಿಜವಾಗಿಯೂ ಕುತೂಹಲದಿಂದ ಕೇಳಿದೆ. ಅವರು ನೆಟ್ಟಗೆ ಕೂತರು. ಮೂತಿ ಮುದುಡಲೆಂದೇ ಮಾಡಿರುತ್ತಾರೆ, ಏಟಿನ ಬಲವನ್ನು ಅದು ನುಂಗುತ್ತದೆ, ನಡುವಿನ ಗೂಡು ಮಾತ್ರ ಗಟ್ಟಿ. 1950ರ ದಶಕದ ಆರಂಭದಲ್ಲೇ ಮರ್ಸಿಡಿಸ್‌ನ ಇಂಜಿನಿಯರ್ ಬೇಲಾ ಬಾರೆನಿ ಇದನ್ನು ಯೋಚಿಸಿದ್ದರು. ಮೂರು ಕಡೆ ಹಿಡಿಯುವ ಸೀಟ್ ಬೆಲ್ಟ್ 1959ರಲ್ಲಿ ವೋಲ್ವೋದ ನಿಲ್ಸ್ ಬೋಲಿನ್ ಮಾಡಿದ್ದು. ಹತ್ತು ನಿಮಿಷ ಮಾತಾಡಿದರು. ನೋಟ್‌ಬುಕ್ಕಿಗೆ ಚಿತ್ರ ಅಂಟಿಸುತ್ತಿದ್ದ ಹುಡುಗನನ್ನು ನಾನು ಆವತ್ತೇ ಕಂಡೆ. ಆಮೇಲೆ ಮೆಲ್ಲಗೆ, "ಅಪ್ಪ ಅದನ್ನು ಗುಜರಿಗೆ ಹಾಕುವ ಮೊದಲು ಒಂದು ಸಲ ನೋಡಬೇಕಿತ್ತು" ಎಂದರು. ಕಾರಿಗೆ ಅಳುವುದು ಸಣ್ಣತನವಲ್ಲ. ಮನೆಯವರಿಗೆ ನನ್ನ ಒಂದು ಬೇಡಿಕೆ: ಬದುಕಿ ಬಂದವರ ವಸ್ತುಗಳನ್ನು ಅವರನ್ನು ಕೇಳದೆ ವಿಲೇವಾರಿ ಮಾಡಬೇಡಿ.

ಹೆಂಡತಿಯ ಮಾತು ಹೇಳದಿದ್ದರೆ ಇದು ಅರ್ಧವಾಗುತ್ತದೆ. ಏಳನೇ ಭೇಟಿಗೆ ಅವರನ್ನು ಒಬ್ಬರನ್ನೇ ಕರೆದೆ. ನೀವು ಹೇಗಿದ್ದೀರಿ ಎಂದು ಕೇಳಿದ್ದಕ್ಕೆ, "ನನ್ನ ಸೀಟು ಅದು ಮೇಡಂ" ಎಂದರು. ಅಷ್ಟೇ ಹೇಳಿ ಸೆರಗು ಬಾಯಿಗೆ ಹಿಡಿದರು. ಕಾರಿನಲ್ಲಿ ಇರಲೇ ಇಲ್ಲವಲ್ಲ ಎಂದು ಇವರನ್ನು ಯಾರೂ ಏನೂ ಕೇಳಿರಲಿಲ್ಲ. ಅವರ ಜೊತೆ ಬೇರೆಯಾಗಿಯೇ ನಾಲ್ಕು ಸಲ ಕೂತೆ.

ಮತ್ತೆ ಕಾರು ಹತ್ತಿಸುವ ಕೆಲಸ ಮೆಟ್ಟಿಲು ಮೆಟ್ಟಿಲಾಗಿ ಆಯಿತು. ಮೊದಲು ಮಾವನ ಕಾರಿನಲ್ಲಿ ಕೀ ಹಾಕದೆ ಸುಮ್ನೆ ಕೂರುವುದು. ಭಯಕ್ಕೆ ನೂರಕ್ಕೆ ಎಷ್ಟು ಅಂಕ ಎಂದು ಬರೆಯುವುದು. ಎಂಬತ್ತಿದ್ದದ್ದು ನಲವತ್ತಕ್ಕೆ ಇಳಿಯುವವರೆಗೆ ಇಳಿದು ಓಡಬಾರದು. ಆಮೇಲೆ ಎಂಜಿನ್ ಚಾಲೂ ಮಾಡುವುದು, ಬೀದಿ ಸುತ್ತುವುದು, ಲಾರಿ ಓಡಾಡುವ ರಸ್ತೆಯಲ್ಲಿ ಹೆಂಡತಿ ಪಕ್ಕದಲ್ಲಿ ಕೂರುವುದು. ವಾಸನೆಗೂ ಹೀಗೇ: ಮೊದಲು ಬೆಂಕಿಕಡ್ಡಿ, ಆಮೇಲೆ ತಾರಸಿಯಲ್ಲಿ ಒಂದು ಸುರುಸುರು ಬತ್ತಿ. ದಯವಿಟ್ಟು ಇದನ್ನು ಓದಿ ಮನೆಯವರು ತಾವೇ ಪ್ರಯೋಗ ಮಾಡಬೇಡಿ. ಬಲವಂತ ಮಾಡಿದರೆ ಭಯ ಹೆಚ್ಚಾಗುತ್ತದೆ. ಹತ್ತಿರದಲ್ಲಿ ಯಾರೂ ಸಿಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸೇವೆ ಅದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬರುತ್ತಿದ್ದರೆ ಕಾಯಲೇಬೇಡಿ.

ಹನ್ನೊಂದನೇ ಭೇಟಿಯ ಮುಂಚೆ ಇಬ್ಬರೂ ಆ ಮೋರಿಯ ಹತ್ತಿರ ಹೋಗಿ ಬಂದರು. ಹಾಲಿನ ವ್ಯಾನಿನವರನ್ನು ಡೇರಿಯಲ್ಲಿ ವಿಚಾರಿಸಿ ಹುಡುಕಿದರು. ಅವರು ಆವತ್ತು ಹೆಸರೂ ಹೇಳದೆ ಆಸ್ಪತ್ರೆಯಿಂದ ಹೊರಟುಬಿಟ್ಟಿದ್ದರು, ಪೊಲೀಸ್ ಕೇಸಿಗೆ ಹೆದರಿ. ಗಾಯಾಳುವಿಗೆ ಸಹಾಯ ಮಾಡಿದವರನ್ನು ಕೇಸಿನಲ್ಲಿ ಸಿಕ್ಕಿಸುವಂತಿಲ್ಲ, ಹೆಸರು ಹೇಳಿ ಎಂದು ಬಲವಂತ ಮಾಡುವಂತಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೇ ಇದನ್ನು ಸೇರಿಸಿದ್ದಾರೆ. ಇವರು ಅದನ್ನು ಅವರಿಗೆ ಹೇಳಿ, ಒಟ್ಟಿಗೆ ಕೂತು ಕಾಫಿ ಕುಡಿದು ಬಂದರಂತೆ.

ಘಾಟಿ ರಸ್ತೆಯಲ್ಲಿ ಇನ್ನೂ ಅವರು ಕಾರು ಓಡಿಸಿಲ್ಲ. ಮಳೆ ಬಂದರೆ ಈಗಲೂ ಗಾಡಿ ಪಕ್ಕಕ್ಕೆ ನಿಲ್ಲಿಸುತ್ತಾರೆ, ನಿಲ್ಲಿಸಲಿ. ಮುಂದಿನ ತಿಂಗಳು ಒಂದು ಭೇಟಿ ಬಾಕಿ ಇದೆ. ಬಾಮೈದನೂ ಜೊತೆಗೆ ಬರುತ್ತೇನೆ ಎಂದಿದ್ದಾನೆ.